ಉಕ್ಕಿನ ಹದ, ಬೆಳಕಿನ ಬೆಸುಗೆ

1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಹಡಗುಕಟ್ಟೆಯಲ್ಲಿ ‘ಷೆನೆಕ್ಟಡಿ’ ಎಂಬ ಹೊಸ ತೈಲವಾಹಕ ಹಡಗು ನಿಂತಿದ್ದಿತು. ನೀರು ಶಾಂತವಾಗಿದ್ದಿತು, ಬಿರುಗಾಳಿಯಿರಲಿಲ್ಲ. ಆದರೂ ಹಡಗಿನ ಮೈ ಭಾರಿ ಸದ್ದಿನೊಡನೆ ಸೀಳಿ ಹೆಚ್ಚುಕಡಿಮೆ ಇಬ್ಭಾಗವಾಯಿತು. ಅದರ ಉಕ್ಕಿನ ತಗಡುಗಳನ್ನು ಬೆಸುಗೆಯಿಂದ ಜೋಡಿಸಲಾಗಿದ್ದಿತು. ಚಳಿಯಲ್ಲಿ ಪೆಡಸಾಗುವ ಉಕ್ಕಿಗೆ ದೋಷವುಳ್ಳ ಬೆಸುಗೆಯೂ ಸೇರಿದರೆ ಎಂತಹ ಅನಾಹುತವಾಗುವುದೆಂಬುದನ್ನು ಆ ಕಾಲದ ಇಂತಹ ಅವಘಡಗಳು ತಿಳಿಸಿಕೊಟ್ಟವು. ಹಾಗಾದರೆ ಬೆಸುಗೆಯ ಬಿಸಿಯು ಉಕ್ಕಿನೊಳಗೆ ಮಾಡುವುದೇನು?

ಇದರ ಮೊದಲ ಪಾಠವನ್ನು ನಾವು ಕಮ್ಮಾರನ ಕುಲುಮೆಯಲ್ಲಿಯೇ ಕಲಿಯಬಹುದು. ಕೆಂಪಗೆ ಕಾದ ಕುಡುಗೋಲನ್ನು ಅವನು ನೀರಿನಲ್ಲಿ ಅದ್ದುತ್ತಾನೆ, ಅದು ಗಡಸಾಗುತ್ತದೆ. ಹಾಗೆಯೇ ಬಿಟ್ಟರೆ ಕಲ್ಲಿಗೆ ತಗುಲಿದೊಡನೆ ಅದರ ಬಾಯಿ ಮುರಿಯುವುದುಂಟು. ಆದುದರಿಂದ ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸುತ್ತಾನೆ. ಲೋಹ ಅದೇ, ಬದಲಾದುದು ಅದರ ಒಳರಚನೆ.

ಉಕ್ಕೆಂದರೆ ಅಲ್ಪ ಪ್ರಮಾಣದ ಇಂಗಾಲ ಬೆರೆತ ಕಬ್ಬಿಣ. ಚೆನ್ನಾಗಿ ಕಾದಾಗ ಇಂಗಾಲವು ಕಬ್ಬಿಣದ ಪರಮಾಣುಗಳ ನಡುವೆ ಕರಗಿರುತ್ತದೆ. ನಿಧಾನವಾಗಿ ತಣಿದರೆ ಅದು ಹೊರಬಂದು ಬೇರೆಯಾಗಿ ನೆಲೆಸುತ್ತದೆ, ಉಕ್ಕು ಮೆದುವಾಗುತ್ತದೆ. ಥಟ್ಟನೆ ತಣಿದರೆ ಇಂಗಾಲಕ್ಕೆ ಹೊರಬರಲು ಅವಕಾಶವಿಲ್ಲ. ಅದು ಸಿಕ್ಕಿಬಿದ್ದು ಪರಮಾಣುಗಳ ಜೋಡಣೆಯನ್ನು ಬಿಗಿಗೊಳಿಸುತ್ತದೆ. ಈ ಗಡಸು ರಚನೆಗೆ ಜರ್ಮನಿಯ ವಿಜ್ಞಾನಿ ಆಡಾಲ್ಫ್ ಮಾರ್ಟೆನ್ಸನ ಹೆಸರಿನಿಂದ ‘ಮಾರ್ಟೆನ್ಸೈಟ್’ ಎನ್ನುತ್ತಾರೆ.

ಸಾಧಾರಣ ಮೆದು ಉಕ್ಕು ಚದರ ಮಿಲಿಮೀಟರಿಗೆ ಸುಮಾರು 40 ಕಿಲೋಗ್ರಾಂ ಭಾರದ ಎಳೆತವನ್ನು ತಾಳಬಲ್ಲುದು. ಇಂದು ಮೋಟಾರು ವಾಹನಗಳಲ್ಲಿ ಬಳಸುವ ಅಧಿಕಬಲದ ಉಕ್ಕುಗಳಲ್ಲಿ ಕೆಲವು 100 ಕಿಲೋಗ್ರಾಂವರೆಗೆ, ಅದಕ್ಕೂ ಮಿಗಿಲಾಗಿ ತಾಳುತ್ತವೆ. ಅಂತಹ ಒಂದು ಬಗೆಯಲ್ಲಿ ಮೆದುವಾದ ಕಬ್ಬಿಣದ ನಡುವೆ ಮಾರ್ಟೆನ್ಸೈಟಿನ ಗಡಸು ಕಣಗಳು ಹರಡಿರುತ್ತವೆ. ತೆಳುವಾದ ತಗಡಿನಿಂದಲೇ ಬಲವಾದ ಚೌಕಟ್ಟನ್ನು ರಚಿಸಬಹುದಾದುದರಿಂದ ವಾಹನವು ಹಗುರವಾಗುತ್ತದೆ. ಅಪಘಾತದಲ್ಲಿ ಒಳಗಿರುವವರಿಗೆ ರಕ್ಷಣೆಯೂ ದೊರೆಯುತ್ತದೆ.

ಇಂತಹ ತಗಡುಗಳನ್ನು ಜೋಡಿಸುವ ಸಾಧನಗಳಲ್ಲಿ ಲೇಸರ್ ಕಿರಣವೂ ಒಂದು. ಮೊದಲ ಲೇಸರನ್ನು 1960ರಲ್ಲಿ ಥಿಯೊಡೋರ್ ಮೈಮನ್ ನಿರ್ಮಿಸಿದನು. ಮುಂದೆ ಕೈಗಾರಿಕೆಗಳಲ್ಲಿ ಬಹುವಾಗಿ ಬಳಕೆಗೆ ಬಂದ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ರೂಪಿಸಿದವರು ಭಾರತದಲ್ಲಿ ಜನಿಸಿದ ಸಿ. ಕುಮಾರ್ ಪಟೇಲ್. ಮಿಲಿಮೀಟರಿಗಿಂತಲೂ ಕಿರಿದಾದ ತಾಣದಲ್ಲಿ ಒಟ್ಟುಗೂಡಿದ ಕಿರಣವು ಲೋಹವನ್ನು ಆವಿಯಾಗಿಸಿ ಸಣ್ಣ ರಂಧ್ರವನ್ನು ಕೊರೆಯುತ್ತದೆ. ಕಿರಣವು ಮುಂದೆ ಸರಿದಂತೆ ಕರಗಿದ ಲೋಹವು ಹಿಂದಿನ ರಂಧ್ರವನ್ನು ತುಂಬಿ ಹೆಪ್ಪುಗಟ್ಟುತ್ತದೆ.

ಇಲ್ಲಿ ನೀರಿನಲ್ಲಿ ಅದ್ದುವ ಅಗತ್ಯವಿಲ್ಲ. ಸುತ್ತಲಿನ ತಣ್ಣನೆಯ ಲೋಹವೇ ಬಿಸಿಯನ್ನು ಕ್ಷಣಮಾತ್ರದಲ್ಲಿ ಹೀರಿಕೊಳ್ಳುತ್ತದೆ. ಆದುದರಿಂದ ಬೆಸುಗೆಯ ಗೆರೆಯು ಬಹುಮಟ್ಟಿಗೆ ಮಾರ್ಟೆನ್ಸೈಟ್ ಆಗಿ, ಮೂಲ ತಗಡಿಗಿಂತಲೂ ಗಡಸಾಗುತ್ತದೆ. ಆದರೆ ಅದರ ಮಗ್ಗುಲಲ್ಲಿ, ಲೋಹವು ಕರಗದೆ ಮಿತವಾಗಿ ಕಾದ ಕಡೆ, ತಗಡಿನಲ್ಲಿ ಮೊದಲೇ ಇದ್ದ ಮಾರ್ಟೆನ್ಸೈಟ್ ಹದಗೊಂಡು ಮೆದುವಾಗುತ್ತದೆ. ಕಮ್ಮಾರನು ಬೇಕೆಂದು ಮಾಡಿದುದೇ ಇಲ್ಲಿ ಬೇಡವಾದ ಕಡೆ ನಡೆಯುತ್ತದೆ. ತಗಡನ್ನು ಎಳೆದಾಗ ಹಲವೊಮ್ಮೆ ಅದು ಬೆಸುಗೆಯಲ್ಲಿ ಹರಿಯದೆ, ಪಕ್ಕದ ಈ ಮೆದು ಪಟ್ಟಿಯಲ್ಲಿಯೇ ಹರಿಯುತ್ತದೆ.

ಲೇಸರಿನ ಬಿಸಿಯು ಕಿರಿದಾದ ಜಾಗಕ್ಕೆ ಸೀಮಿತವಾದುದರಿಂದ, ವಿದ್ಯುತ್ ಚಾಪದ ಬೆಸುಗೆಯಲ್ಲಿರುವುದಕ್ಕಿಂತ ಈ ಪಟ್ಟಿ ಕಿರಿದು. ಎರಡೂ ಕಡೆಯ ಗಡಸು ಲೋಹವು ಅದಕ್ಕೆ ಆಸರೆಯಾಗುತ್ತದೆ. ಆದರೂ ಎಚ್ಚರಿಕೆ ಅಗತ್ಯ. ಕಿರಣದ ಶಕ್ತಿ ಮತ್ತು ವೇಗಗಳನ್ನು ಹೊಂದಿಸಬೇಕು; ಇಂಗಾಲವು ಹೆಚ್ಚಿರುವ ಉಕ್ಕಾದರೆ ಮುಂಚೆಯೋ ಅನಂತರವೋ ಕಾಯಿಸಿ ಪೆಡಸುತನವನ್ನು ತಗ್ಗಿಸಬೇಕು; ಸೆಳೆತವು ಅತಿಯಾಗಿ ಬೀಳುವ ಕಡೆ ಬೆಸುಗೆಯು ಬಾರದಂತೆ ನೋಡಿಕೊಳ್ಳಬೇಕು. ಮಾದರಿಯನ್ನು ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಗೆರೆಯಿಂದ ಹೊರಕ್ಕೆ ಅಂಗುಲದ ಅಲ್ಪಭಾಗಗಳಲ್ಲಿ ಗಡಸುತನವನ್ನು ಅಳೆಯಬೇಕು. ಬೆಸುಗೆಯು ಎಷ್ಟು ಗಟ್ಟಿಯೆಂದು ಕೇಳಿದರೆ ಸಾಲದು. ಅದರ ನೆರೆಯ ಲೋಹವು ಏನಾಯಿತೆಂದೂ ಕೇಳಬೇಕು.