‘ಮಿಂಚಿನ ಓಟ’: ಮತ್ತೊಮ್ಮೆ ನೋಡೋಣ

ಶಂಕರ್ ನಾಗ್ ಎಂದೊಡನೆ ನಿಮಗೆ ‘ಮಾಲ್ಗುಡಿ ಡೇಸ್’ ನೆನಪಾಗುತ್ತದೆ. ಅವರು ನಿರ್ದೇಶಿಸಿದ ಮೊದಲ ಚಿತ್ರ, 1980ರ ‘ಮಿಂಚಿನ ಓಟ’ವನ್ನು ‘ಕಾರುಗಳ್ಳರ ಕಥೆ ತಾನೇ?’ ಎಂದು ಬದಿಗಿಡುವವರುಂಟು. ಇದು ಸರಿಯೇ?

ಬೆನ್ನಟ್ಟುವ ದೃಶ್ಯವನ್ನು ಒಂದೇ ಓಟದಲ್ಲಿ ಚಿತ್ರಿಸುವುದು ಅಪರೂಪ. ಉರುಳುವ ಚಕ್ರ, ಚಾಲಕನ ಮುಖ, ಹಿಂದೆ ಬರುವ ಗಾಡಿ, ಹೀಗೆ ಬೇರೆ ಬೇರೆಯಾಗಿ ತೆಗೆದ ತುಣುಕುಗಳನ್ನು ಸಂಕಲನಕಾರರು ಜೋಡಿಸುತ್ತಾರೆ. ವೇಗ ಹುಟ್ಟುವುದು ಅಲ್ಲಿ. ಆದರೆ ಎದೆಬಡಿತ ಏರಬೇಕಾದರೆ ಗಾಡಿಯೊಳಗಿನವರ ಮೇಲೆ ನಮಗೆ ಅಕ್ಕರೆ ಇರಬೇಕು. ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್ ಅಭಿನಯಿಸಿದ ಕಳ್ಳರು ಸಿಕ್ಕಿಬೀಳಬಾರದೆಂದು ನಾವು ಬಯಸುತ್ತೇವೆ. ಏಕೆ? ಚಿತ್ರ ನಮ್ಮನ್ನು ಕೇಳುವ ಪ್ರಶ್ನೆ ಇದೇ.

1985ರ ‘ಆಕ್ಸಿಡೆಂಟ್’ನಲ್ಲಿ ಶಂಕರ್ ಮತ್ತೆ ಕಾರನ್ನು ತಂದರು. ಅಲ್ಲಿ ಅದು ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ಹರಿಯುತ್ತದೆ; ಓಡಿಸಿದವನು ರಾಜಕಾರಣಿಯ ಮಗ. ಕಾರು ಕದ್ದವರಿಗೆ ಜೈಲು, ಜೀವ ತೆಗೆದವನ ಬೆನ್ನಿಗೆ ಅಧಿಕಾರ! ಎರಡನ್ನೂ ಜೊತೆಗಿಟ್ಟು ನೋಡಿ. ಮೊದಲ ಚಿತ್ರದ ತೂಕ ತಿಳಿಯುತ್ತದೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ನಡೆದ ಕಾರು ಅಪಘಾತದಲ್ಲಿ ಶಂಕರ್ ತೀರಿಕೊಂಡರು. ಆಗ ಅವರಿಗೆ 35 ವರ್ಷ. ನೆಲಮಂಗಲದಲ್ಲಿ ನೀವು ದಾಟುವ ಹೆದ್ದಾರಿಯೇ ದಾವಣಗೆರೆಗೂ ಹೋಗುತ್ತದೆ. ಪರದೆಯ ವೇಗವನ್ನು ಕತ್ತರಿಸಿ ಜೋಡಿಸಬಹುದು, ರಸ್ತೆಯ ವೇಗವನ್ನಲ್ಲ.