ಕಾಲಕ್ಕೆ ಮುಂಚೆ ಕಾಣುವ ಕಂಬಳಿಹುಳುವಿನ ಚಿಟ್ಟೆ

ಮುಂಗಾರು ಇನ್ನೂ ನೆಲೆಗೊಳ್ಳದಿರುವಾಗ, ಭರಣಿ ಅಥವಾ ಕೃತ್ತಿಕೆಯಲ್ಲಿ ನೆಲ ನೆನೆಯುವಂತಹ ಒಂದು ಮಳೆ ಬಿದ್ದ ಎರಡು ಮೂರು ದಿನಗಳಲ್ಲಿ, ಸಂಜೆ ದೀಪ ಹಚ್ಚಿದ ಕೂಡಲೆ ಜಗುಲಿಯ ಗೋಡೆಗೆ ಬಿಳುಪಾದ ಚಿಟ್ಟೆಯೊಂದು ಬಂದು ಕುಳಿತುಕೊಳ್ಳುವುದುಂಟು. ಬಿತ್ತನೆಯೇ ಆಗದಿರುವಾಗ ಇದರಿಂದ ಕೇಡೇನೆಂದು ರೈತರು ಇದನ್ನು ಲಕ್ಷ್ಯಕ್ಕೆ ತಾರರು. ಆದರೆ ಅದು ಕಂಬಳಿಹುಳುವಿನ ಚಿಟ್ಟೆಯಾಗಿದ್ದ ಪಕ್ಷದಲ್ಲಿ ಅದೇ ರಾತ್ರಿ ಕೆಲಸಕ್ಕೆ ತೊಡಗುವುದು ಯುಕ್ತವು. ಚಿತ್ರದುರ್ಗ, ಚಳ್ಳಕೆರೆ, ಪಾವಗಡದ ಕಡೆಯ ಬೆದ್ದಲು ಹೊಲಗಳಲ್ಲಿ ಕಡಲೆಕಾಯಿಯ ಎಳೆಯ ಪೈರು ಈ ಹುಳುವಿಗೆ ಸಿಕ್ಕಿ ಬರಿಯ ಕಡ್ಡಿಯಾಗಿ ನಿಂತುದನ್ನೂ, ಎರಡನೆಯ ಸಲ ಬೀಜಕ್ಕಾಗಿ ಸಾಲ ಮಾಡಬೇಕಾಗಿ ಬಂದುದನ್ನೂ ಕಂಡವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ.

ಮಳೆಗಾಲದ ಆರಂಭದಲ್ಲಿ ಕಾಣುವ ಚಿಟ್ಟೆಗಳೆಲ್ಲವೂ ಪೈರಿಗೆ ಹಗೆಗಳಲ್ಲ. ಕಪ್ಪು ರೆಕ್ಕೆಯ ಮೇಲೆ ತೆಳುನೀಲಿಯ ಮಚ್ಚೆಗಳುಳ್ಳ ಚಿಟ್ಟೆಗಳು ಹಗಲಿನಲ್ಲಿ ಗುಂಪುಗುಂಪಾಗಿ ಪಶ್ಚಿಮದ ಘಟ್ಟಗಳ ಕಡೆಯಿಂದ ಹಾರಿಬರುವುದನ್ನು ನೋಡಿ ಕೆಲವು ಗ್ರಾಮಗಳಲ್ಲಿ ಜನರು ಗಾಬರಿಪಡುವರು. ಅವುಗಳ ಮರಿಹುಳುಗಳು ಕಾಡುಬಳ್ಳಿಗಳನ್ನು ತಿನ್ನತಕ್ಕವು. ಹೊಲಕ್ಕೆ ಅವುಗಳಿಂದ ಬಾಧಕವಿಲ್ಲ. ಹಗಲು ಹಾರುವ ಚಿಟ್ಟೆಯು ಕುಳಿತಾಗ ಸಾಮಾನ್ಯವಾಗಿ ರೆಕ್ಕೆಗಳನ್ನು ಮೇಲಕ್ಕೆತ್ತಿ ಜೋಡಿಸಿಕೊಳ್ಳುವುದು. ಅದರ ಮೀಸೆಯ ತುದಿ ಗುಂಡಾಗಿರುವುದು. ಕಂಬಳಿಹುಳುವಿನ ಚಿಟ್ಟೆಯಾದರೋ ಹೊತ್ತು ಮುಳುಗಿದ ಮೇಲೆ ಹೊರಡುವುದು. ಕುಳಿತಾಗ ರೆಕ್ಕೆಗಳನ್ನು ಮನೆಯ ಮಾಡಿನಂತೆ ಮೈಮೇಲೆ ಇಳಿಬಿಟ್ಟುಕೊಳ್ಳುವುದು. ಇದರ ಮುಂದಿನ ರೆಕ್ಕೆಗಳು ಕಂದುಬಣ್ಣದ ಗೆರೆಗಳಿಂದ ಕೂಡಿದ ಬಿಳುಪು. ಅವುಗಳ ಮುಂದಿನ ಅಂಚಿನಲ್ಲಿ ಒಂದು ಹಳದಿ ಪಟ್ಟೆಯಿರುವುದು. ಹಿಂದಿನ ರೆಕ್ಕೆಗಳು ಬಿಳಿಯವಾಗಿದ್ದು ಅವುಗಳಲ್ಲಿ ಕಪ್ಪು ಚುಕ್ಕೆಗಳಿರುವುವು. ಈ ಹಳದಿ ಪಟ್ಟೆಯನ್ನು ಒಮ್ಮೆ ಗುರುತಿಟ್ಟುಕೊಂಡವನು ಮತ್ತೆ ತಪ್ಪಲಾರನು.

ಈ ಚಿಟ್ಟೆಯು ಹಿಂದಿನ ವರ್ಷದ ಹುಳುವೇ. ಹುಳುವು ಬಲಿತ ಮೇಲೆ ಬದುಗಳಲ್ಲಿಯೂ ಬೇಲಿ ಮರಗಳ ನೆರಳಿನಲ್ಲಿಯೂ ನಾಲ್ಕರಿಂದ ಎಂಟು ಅಂಗುಲದಷ್ಟು ನೆಲದೊಳಕ್ಕೆ ಇಳಿದು, ಕಂದುಬಣ್ಣದ ಕೋಶವಾಗಿ ಸುಮಾರು ಹತ್ತು ತಿಂಗಳು ನಿಶ್ಚಲವಾಗಿರುವುದು. ಅದನ್ನು ಎಬ್ಬಿಸುವುದು ಪಂಚಾಂಗವಲ್ಲ, ನೆಲಕ್ಕೆ ಇಳಿಯುವ ತೇವ. ಆದಕಾರಣ ಮಳೆ ಮುಂಚೆ ಬಂದರೆ ಚಿಟ್ಟೆಯೂ ಮುಂಚೆ ಬರುವುದು. ಎಲ್ಲವೂ ಒಂದೇ ಮಳೆಗೆ ಹೊರಡುವುದಿಲ್ಲ. ಉಳಿದವು ಮುಂದಿನ ಹದಮಳೆಗಳಿಗಾಗಿ ಕಾದಿರುವುವು. ಹೆಣ್ಣು ಚಿಟ್ಟೆಯು ನೂರಾರು, ಕೆಲವು ಸಲ ಸಾವಿರದವರೆಗೂ, ಮೊಟ್ಟೆಗಳನ್ನು ಎಲೆಯ ಅಡಿಯಲ್ಲಿಯೂ ಹೆಂಟೆ ಕಡ್ಡಿಗಳ ಮೇಲೆಯೂ ಗುಂಪಾಗಿ ಇಡುವುದು. ಮೂರು ನಾಲ್ಕು ದಿನಗಳಲ್ಲಿ ಮರಿಗಳು ಹೊರಡುವುವು. ಪೈರಿಲ್ಲದಿದ್ದರೆ ಬದುವಿನ ಕಳೆಯನ್ನು ತಿಂದು ಬೆಳೆದು, ಬಿತ್ತಿದ ಪೈರು ಎರಡೆಲೆಯಾಗುವ ವೇಳೆಗೆ ಹೊಲಕ್ಕೆ ಇಳಿಯುವುವು. ಬಿತ್ತನೆಗೆ ಮುಂಚೆ ಬಂದ ಚಿಟ್ಟೆಯಿಂದ ಕೇಡಿಲ್ಲವೆಂಬ ಮಾತು ಇದರಿಂದಲೇ ಸುಳ್ಳಾಗುವುದು.

ಚಿಟ್ಟೆ ಕಂಡ ಸಂಜೆಯೇ ಗ್ರಾಮದ ಮುಖಂಡರು ತಮಟೆ ಹೊಡೆಸಿ ಎಲ್ಲರಿಗೂ ತಿಳಿಯಪಡಿಸತಕ್ಕದ್ದು. ಹೊಲಗಳ ನಡುವೆ ಅಲ್ಲಲ್ಲಿ ಕಸಕಡ್ಡಿಯ ಬೆಂಕಿ ಹಾಕಿದರೆ ಚಿಟ್ಟೆಗಳು ಬಂದು ಬೀಳುವುವು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಸ್ವಲ್ಪ ಸೀಮೆಎಣ್ಣೆ ಬೆರೆಸಿ, ಅದರ ಮೇಲೆ ಲಾಂದ್ರವಿಟ್ಟರೂ ಆಗುವುದು. ಇದನ್ನು ಮುಸ್ಸಂಜೆಗೇ ಆರಂಭಿಸಿ ನಾಲ್ಕೈದು ರಾತ್ರಿ ಬಿಡದೆ ನಡೆಸಬೇಕು. ಒಬ್ಬನು ಮಾತ್ರ ಬೆಂಕಿ ಹಾಕಿದರೆ ಊರಿನ ಚಿಟ್ಟೆಗಳನ್ನೆಲ್ಲಾ ತನ್ನ ಹೊಲಕ್ಕೆ ಕರೆದುಕೊಂಡಂತಾಗುವುದು. ಊರೊಟ್ಟಾಗಿ ಮಾಡಲು ಇಷ್ಟವಿಲ್ಲದಿದ್ದರೆ ಮಾಡದಿರುವುದೇ ವಾಸಿ.

ಬೆಂಕಿಗೆ ಬಾರದೆ ಉಳಿದ ಹೆಣ್ಣುಗಳು ಮೊಟ್ಟೆಯಿಟ್ಟೇ ಇಡುವುವು. ಮರುದಿನದಿಂದ ಹುಡುಗರನ್ನು ಕಳುಹಿಸಿ ಮೊಟ್ಟೆಯ ಗುಂಪುಗಳನ್ನು ಎಲೆಸಹಿತ ಕೀಳಿಸಿ ಸುಡಿಸಬೇಕು. ಮರಿಗಳು ಚಿಕ್ಕವಾಗಿರುವಾಗ ಒಂದೇ ಎಲೆಯಲ್ಲಿ ಗುಂಪುಗೂಡಿರುವುದರಿಂದ ಕೆಲಸ ಸುಲಭ. ಮೈಮೇಲೆ ಉದ್ದವಾದ ಕೂದಲು ಬೆಳೆದ ಮೇಲೆ ಬರಿಗೈಯಿಂದ ಮುಟ್ಟಬಾರದು, ನವೆಯೇಳುವುದು. ಆಗ ಅವು ಹೊಲದಿಂದ ಹೊಲಕ್ಕೆ ದಂಡಿನಂತೆ ನಡೆಯುವುವು. ಬರುವ ದಿಕ್ಕಿಗೆ ಅಡ್ಡಲಾಗಿ ಒಂದು ಅಡಿ ಆಳ, ಹತ್ತು ಅಂಗುಲ ಅಗಲದ ಕಾಲುವೆಯನ್ನು ಗೋಡೆ ನೆಟ್ಟಗಿರುವಂತೆ ತೋಡಿ, ಒಳಗೆ ಬಿದ್ದ ಹುಳುಗಳನ್ನು ಕೊಲ್ಲಿಸಬೇಕು. ಗೋಡೆ ಇಳಿಜಾರಾದರೆ ಕೂಲಿಯ ಹಣ ದಂಡ.

ಬೇಸಗೆಯಲ್ಲಿಯೇ ಬದುವಿನಲ್ಲಿ ಒಂದೆರಡು ಕಡೆ ಅಗೆದು ನೋಡಿದರೆ ಕೋಶಗಳು ಇವೆಯೋ ಇಲ್ಲವೋ ತಿಳಿಯುವುದು. ಇದ್ದಲ್ಲಿ ಮೊದಲನೆಯ ಹದಕ್ಕೇ ಬದುವಿನ ಅಂಚಿನವರೆಗೆ ಆಳವಾಗಿ ಉಳಬೇಕು. ನೇಗಿಲಿನ ಹಿಂದೆ ಬರುವ ಕಾಗೆ, ಗೊರವಂಕಗಳನ್ನು ಓಡಿಸಬಾರದು.