ಮಾಪಕಕ್ಕೆ ಕಾಣದ ಕೊಬ್ಬು

ಮಧುಮೇಹವಿರುವ ಮನೆಗಳಲ್ಲಿ ಎಲ್ಲರ ಕಣ್ಣೂ ಸಕ್ಕರೆ ಡಬ್ಬಿಯ ಮೇಲೆ. ಎಣ್ಣೆಯ ಜಾಡಿಯ ಮೇಲೆ ಅಷ್ಟು ಕಾವಲಿಲ್ಲ. ಗ್ಲೂಕೋಮೀಟರ್ ಅಳೆಯುವುದು ರಕ್ತದಲ್ಲಿರುವ ಗ್ಲೂಕೋಸನ್ನು ಮಾತ್ರ. ಒಂದು ಲೋಟ ಪಾನಕ ಕುಡಿದರೆ ಅದು ಅರ್ಧ ಗಂಟೆಯಲ್ಲಿ ಚಾಡಿ ಹೇಳುತ್ತದೆ. ಎರಡು ಚಮಚ ತುಪ್ಪ ತಿಂದರೆ ತೆಪ್ಪಗಿರುತ್ತದೆ. ಆದರೆ ಮಧುಮೇಹಿಗಳಿಗೆ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು. ಇದರಲ್ಲಿ ರಕ್ತದ ಕೊಬ್ಬಿನ ಪಾಲು ದೊಡ್ಡದು. ಯಾವ ಉಪಕರಣವೇ ಆಗಲಿ, ಅದು ಏನನ್ನು ಅಳೆಯುವುದಿಲ್ಲ ಎಂಬುದೂ ನಮಗೆ ಗೊತ್ತಿರಬೇಕು.

ಇನ್ನೊಂದು ಮೋಸವೂ ಉಂಟು. ಕೊಬ್ಬು ಹೆಚ್ಚಿರುವ ಊಟ ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಪೂರಿ ತಿಂದ ಎರಡು ಗಂಟೆಯ ನಂತರ ಮಾಪಕ ಒಳ್ಳೆಯ ಅಂಕಿ ತೋರಿಸಿ, ಮೂರು-ನಾಲ್ಕು ಗಂಟೆಯ ಹೊತ್ತಿಗೆ ಗ್ಲೂಕೋಸ್ ಏರಬಹುದು.

ಇನ್ಸುಲಿನ್ ಎಂದರೆ ಸಕ್ಕರೆಯನ್ನು ಇಳಿಸುವ ಹಾರ್ಮೋನು ಎಂದಷ್ಟೇ ನಾವು ತಿಳಿದಿದ್ದೇವೆ. ಅದಕ್ಕೆ ಇನ್ನೊಂದು ಕೆಲಸವಿದೆ: ದೇಹದ ಕೊಬ್ಬಿನ ಉಗ್ರಾಣಕ್ಕೆ ಬೀಗ ಹಾಕುವುದು. ಇನ್ಸುಲಿನ್ನಿನ ಮಾತು ನಡೆಯದಿದ್ದಾಗ ಬೀಗ ಸಡಿಲವಾಗಿ ಮೇದಾಮ್ಲಗಳು ರಕ್ತಕ್ಕೆ ಹರಿಯುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡುಗಳಾಗಿ ಕಟ್ಟಿ ಮತ್ತೆ ರಕ್ತಕ್ಕೇ ಕಳಿಸುತ್ತದೆ. ಮೇದಾಮ್ಲವನ್ನು ಉರಿಸುತ್ತಿರುವ ಸ್ನಾಯು ಗ್ಲೂಕೋಸನ್ನು ಅಷ್ಟಾಗಿ ಬಳಸುವುದಿಲ್ಲವೆಂದು ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು 1963ರಲ್ಲೇ ತೋರಿಸಿದ್ದರು. ಸಕ್ಕರೆಯ ಕಾಯಿಲೆ ಎನ್ನುವುದು ಕೊಬ್ಬಿನ ಕಾಯಿಲೆಯೂ ಹೌದು.

ಹಾಗಾದರೆ ಎಲ್ಲ ಕೊಬ್ಬೂ ಒಂದೇ ಬಗೆಯದೇ? ಇಲ್ಲಿ ಅಣುವಿನ ಆಕಾರವನ್ನು ನೋಡಬೇಕು. ಸ್ಟಿಯರಿಕ್ ಆಮ್ಲ, ಒಲಿಯಿಕ್ ಆಮ್ಲ ಎರಡರಲ್ಲೂ 18 ಇಂಗಾಲದ ಪರಮಾಣುಗಳ ಸರಪಳಿಯಿದೆ. ಮೊದಲನೆಯದು ಪರ್ಯಾಪ್ತ; ಸರಪಳಿ ನೇರ. ಎರಡನೆಯದರ ನಡುವೆ ಒಂದು ದ್ವಿಬಂಧವಿದ್ದು, ಅಲ್ಲಿ ಸರಪಳಿ ಬಾಗಿದೆ. ನೆಟ್ಟನೆಯ ಸೌದೆ ಒತ್ತಾಗಿ ಪೇರಿಸಿಕೊಳ್ಳುತ್ತದೆ, ಡೊಂಕು ಸೌದೆ ಸಂದು ಬಿಡುತ್ತದೆಯಲ್ಲವೇ? ಹಾಗೆಯೇ ಇಲ್ಲಿಯೂ. ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು, ಒಲಿಯಿಕ್ ಆಮ್ಲಕ್ಕೆ 13 ಸಾಕು. ಕಡಲೆಕಾಯಿ ಎಣ್ಣೆ ಚಳಿಗಾಲದಲ್ಲೂ ದ್ರವವಾಗಿರುವುದಕ್ಕೂ ತುಪ್ಪ ಗಟ್ಟಿಯಾಗುವುದಕ್ಕೂ ಕಾರಣ ಬಹುಮಟ್ಟಿಗೆ ಇದೇ.

ಅಗ್ಗದ ಎಣ್ಣೆಯನ್ನು ತುಪ್ಪದಂತೆ ಗಟ್ಟಿ ಮಾಡಲು ನಿಕಲ್ ಕ್ರಿಯಾವರ್ಧಕದ ಸಮ್ಮುಖದಲ್ಲಿ ಜಲಜನಕ ಹಾಯಿಸುತ್ತಿದ್ದರು. ನಮ್ಮಲ್ಲಿ 1937ರಲ್ಲಿ ಬಂದ ಡಾಲ್ಡಾ ಇಂಥದೇ. ಈ ಕ್ರಿಯೆ ಅರ್ಧಕ್ಕೆ ನಿಂತಾಗ ಕೆಲವು ದ್ವಿಬಂಧಗಳು ಉಳಿದರೂ ತಿರುಚಿಕೊಂಡು ಸರಪಳಿ ನೇರವಾಗಿಬಿಡುತ್ತದೆ. ಇದೇ ಟ್ರಾನ್ಸ್ ಮೇದಾಮ್ಲ. ಇದು ಕೆಟ್ಟ ಎಲ್‌ಡಿಎಲ್ ಕೊಲೆಸ್ಟರಾಲನ್ನು ಏರಿಸಿ, ಒಳ್ಳೆಯ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಎಣ್ಣೆ-ಕೊಬ್ಬುಗಳಲ್ಲಿ ಇದು ಶೇ. 2ನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ಸಂತೋಷವೇ. ಆದರೆ ಟ್ರಾನ್ಸ್ ಹೋದ ಜಾಗಕ್ಕೆ ಅರ್ಧದಷ್ಟು ಪರ್ಯಾಪ್ತವಿರುವ ತಾಳೆ ಎಣ್ಣೆ ಬಂದು ಕುಳಿತರೆ ಲಾಭ ಅರ್ಧಂಬರ್ಧ.

ಗಟ್ಟಿ ಕೊಬ್ಬು ರಕ್ತನಾಳದಲ್ಲಿ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆಂದು ಕೆಲವರು ಹೆದರಿಸುವುದುಂಟು. ಅದು ಸರಿಯಲ್ಲ. ನಡೆಯುವುದು ಬೇರೆ. ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಕೋಶಗಳ ಮೇಲಿರುತ್ತವೆ. ಪರ್ಯಾಪ್ತ ಕೊಬ್ಬು ಹೆಚ್ಚಾದರೆ ಆ ಗ್ರಾಹಕಗಳ ಕೆಲಸ ಕುಗ್ಗಿ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ಅಂದಹಾಗೆ, ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದಿದ್ದರೆ ಮರುಳಾಗಬೇಡಿ. ಸಸ್ಯದ ಎಣ್ಣೆಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬರಿ ಎಣ್ಣೆಯಲ್ಲಿಯೂ ಅಷ್ಟೇ. ಆದರೆ ಅದರ ಮೇದಾಮ್ಲಗಳಲ್ಲಿ ಸುಮಾರು ಶೇ. 90 ಪರ್ಯಾಪ್ತ.

ಇನ್ನು ಪ್ರಮಾಣದ ಲೆಕ್ಕ. ಒಂದು ಗ್ರಾಂ ಪಿಷ್ಟ ಕೊಡುವುದು 4 ಕಿಲೊಕ್ಯಾಲರಿ, ಒಂದು ಗ್ರಾಂ ಕೊಬ್ಬು 9. ಒಳ್ಳೆಯ ಎಣ್ಣೆಗೂ ಇದರಲ್ಲಿ ರಿಯಾಯಿತಿಯಿಲ್ಲ. ನಾಲ್ವರಿರುವ ನಿಮ್ಮ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ತರುತ್ತೀರೆನ್ನಿ. ಎಣ್ಣೆಯ ಸಾಂದ್ರತೆ 0.92 ಎಂದಿಟ್ಟುಕೊಂಡರೆ ತಲೆಗೆ ದಿನಕ್ಕೆ 23 ಗ್ರಾಂ, ಅಂದರೆ 207 ಕಿಲೊಕ್ಯಾಲರಿ. ತುಪ್ಪ, ತೆಂಗಿನಕಾಯಿ, ಹಾಲಿನ ಕೆನೆ, ಬೇಕರಿಯ ತಿಂಡಿ ಈ ಲೆಕ್ಕದಿಂದ ಹೊರಗಿವೆ! ನಿಮ್ಮ ಮನೆಯ ಅಂಕಿಗಳನ್ನು ಹಾಕಿ ಒಮ್ಮೆ ಗುಣಿಸಿ ನೋಡಿ.

ಎಣ್ಣೆಯನ್ನು ಪೂರ್ತಿ ಬಿಟ್ಟು ಅನ್ನ, ಬ್ರೆಡ್ಡು, ರಸ್ಕುಗಳಿಂದ ಹೊಟ್ಟೆ ತುಂಬಿಸುವುದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ, ಟ್ರೈಗ್ಲಿಸರೈಡ್ ಏರುತ್ತದೆ. ತುಪ್ಪ, ವನಸ್ಪತಿಗಳ ಜಾಗಕ್ಕೆ ಅಳತೆಯಲ್ಲಿ ಕಡಲೆಕಾಯಿ ಇಲ್ಲವೇ ಸೂರ್ಯಕಾಂತಿ ಎಣ್ಣೆ, ಕುರುಕಲಿನ ಜಾಗಕ್ಕೆ ಒಂದು ಹಿಡಿ ಹುರಿದ ಕಡಲೆಕಾಯಿ, ಚಟ್ನಿಪುಡಿಗೆ ಅಗಸೆ ಇಲ್ಲವೇ ಎಳ್ಳು, ತಿನ್ನುವವರಿಗೆ ಬಂಗುಡೆ, ಬೂತಾಯಿ ಮೀನು ಬರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಮುಂದಿನ ಸಲ ರಕ್ತ ಕೊಡಲು ಹೋದಾಗ ಲಿಪಿಡ್ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತೆಂದು ವೈದ್ಯರನ್ನು ಕೇಳಿ.